ಮುರುಗೆಪ್ಪನ ಮಣ್ಣು

ಪ್ರಾಣೇಶ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಿದ್ದನಷ್ಟೆ, ಶಿವಲಿಂಗಮ್ಮ ಅವನ ಕೈಯಿಂದ ಕಾಗದ ಎಳೆದುಕೊಂಡಳು.

"ಏನಿದು, ಪ್ರಾಣೇಶಣ್ಣಾ?"

"ಕ್ರಿಮೇಷನ್ ಫಾರ್ಮ್ ರೀ ವೈನಿ. ಹನ್ನೊಂದಕ್ಕ ಟೈಮ್ ಕೊಟ್ಟಾರ. ಎಲ್ಲಾ ಅರೇಂಜ್ ಮಾಡೀನಿ, ನೀವೇನೂ ಚಿಂತಿ ಮಾಡಬ್ಯಾಡ್ರಿ."

"ಸುಡತೀರೇನು ನನ್ನ ಗಂಡನ್ನ? ನಮ್ಮವರನ್ನ ಯಾರಾದರೂ ಸುಡತಾರೇನ್ರಿ? ಮಣ್ಣು ಮಾಡತಾರ!"

ಪ್ರಾಣೇಶ ನಾಲಿಗೆ ಕಚ್ಚಿಕೊಂಡ. ಧಾರವಾಡದಲ್ಲಿ ಲಿಂಗಾಯತರ ಓಣಿಯಲ್ಲೇ ಗೋಲಿ ಆಡಿ ಬೆಳೆದ ಬ್ರಾಹ್ಮಣರ ಹುಡುಗ. ಅಮೆರಿಕದ ಸಮರ್‌ಸೆಟ್‌ಗೆ ಬಂದು ಎಂಟು ವರ್ಷ ಎಲ್ಲರೂ ಬರೀ 'ಇಂಡಿಯನ್ಸ್' ಆಗಿ ಕೂಡಿ ಉಂಡದ್ದರಲ್ಲಿ ಅದೊಂದು ಮರೆತೇಹೋಗಿತ್ತು. ಎಂಥ ಎಡವಟ್ಟು!

"ತಪ್ಪಾತ್ರೀ. ಈಗ ಜಾಗಾ ಎಲ್ಲಿ ಹುಡುಕೋದು?"

"ಹುಡುಕೋಣಂತ. ಫೋನ್ ಎಲ್ಲೈತಿ?"

ಫ್ಯೂನರಲ್ ಹೋಮಿನ ಫೋನಿನಿಂದಲೇ, ಹರಕುಮುರುಕು ಇಂಗ್ಲಿಷಿನಲ್ಲಿ, ಆಕೆ ಒಂದು ಗಂಟೆಯೊಳಗೆ ಸ್ಮಶಾನದಲ್ಲಿ ಜಾಗ ಗೊತ್ತುಮಾಡಿದಳು. ಆ ಬಾಯಿಯ ಮುಂದೆ ಯಾರು ನಿಲ್ಲಬೇಕು!

* * *

ಮುರುಗೆಪ್ಪ ನೀರಿನ ಪಂಪುಗಳ ಎಂಜಿನಿಯರ್. ಯಾರ ಮನೆಯ ಬೇಸ್‌ಮೆಂಟಿಗೆ ನೀರು ನುಗ್ಗಿದರೂ ಪ್ಯಾಂಟು ಮಡಚಿ ತಾನೇ ಇಳಿಯುತ್ತಿದ್ದ. 1976ರಲ್ಲಿ ಕಂಪನಿ ಅವನನ್ನು ಲೆಬನಾನಿನ ಬೇರೂತಿಗೆ ಕಳಿಸಿತು.

"ಅಲ್ಲಿ ಬಡಿದಾಟ ನಡದೈತಲ್ರೀ," ಎಂದಳು ಹೆಂಡತಿ.

"ಬಡಿದಾಡೋರಿಗೂ ನೀರು ಬೇಕಲ್ಲೇನ?" ಎಂದು ನಕ್ಕ.

ಮೂರನೇ ವಾರ, ರೊಟ್ಟಿ ಅಂಗಡಿಯ ಸಾಲಿನಲ್ಲಿ ಅವನು ನಿಂತಿದ್ದಾಗ ಎದುರಿಗೆ ನಿಲ್ಲಿಸಿದ್ದ ಕಾರು ಸಿಡಿಯಿತು. ಹದಿನಾಲ್ಕು ಜನ ಸತ್ತರು. ಕಾರು ಯಾರದು, ಬಾಂಬು ಇಟ್ಟವರು ಯಾರು, ಪತ್ತೆಯಾಗಲಿಲ್ಲ. ಎಲ್ಲ ಕಡೆಯವರೂ 'ನಾವಲ್ಲ' ಎಂದು ಕೈ ತೊಳೆದುಕೊಂಡರು.

* * *

"ಪೆಟ್ಟಿಗಿ ತೆಗೀರಿ," ಎಂದಳು ಶಿವಲಿಂಗಮ್ಮ. "ಕೂಡಿಸಿ ಮಣ್ಣು ಮಾಡಾಕ ಇಲ್ಲಿ ಆಗದಿದ್ರ ಇರ್ಲಿ. ಇಷ್ಟಲಿಂಗ ಮಾತ್ರ ಎಡಗೈಯಾಗ ಇರಬೇಕು."

ಫ್ಯೂನರಲ್ ಹೋಮಿನವನು ಬೇರೂತಿನಿಂದ ಬಂದ ಶವಪೆಟ್ಟಿಗೆಯತ್ತ ನೋಡಿ, ಬೇಡವೆಂದು ತಲೆ ಅಲ್ಲಾಡಿಸಿದ. ಪ್ರಾಣೇಶನೂ ಅಡ್ಡ ಬಂದ. "ಬ್ಯಾಡ್ರಿ ವೈನಿ. ನಿಮಗ ನೋಡಲಿಕ್ಕೆ ಆಗೂದಿಲ್ಲ."

"ಹತ್ತೊಂಬತ್ತು ವರ್ಷ ಸಂಸಾರ ಮಾಡೀನಿ, ನೋಡಾಕ ನನಗೆಂಥ ಹೆದರಿಕಿ? ಬಾಂಬು ಇಟ್ಟವರು ಯಾರಂತ ಅವರಿಗೆ ಗೊತ್ತಾಗದಿದ್ರ ಬಿಡ್ಲಿ. ಹೋದವರು ಯಾರಂತ ನನಗ ಗೊತ್ತೈತಿ."

ಪೆಟ್ಟಿಗೆ ತೆರೆದರು. ಮುಖ ಹಾಗೇ ಇತ್ತು. ಆಕೆ ಗಂಡನ ಕೆನ್ನೆ ಸವರಿ, ಮೊದಲ ಸಲ ಗೋಳೋ ಎಂದು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬೇರೂತಿನ ಪೊಲೀಸರು ಲಕೋಟೆಯಲ್ಲಿ ಕಳಿಸಿದ್ದ ಅವನ ಕೊರಳಿನ ಇಷ್ಟಲಿಂಗವನ್ನು ತೆಗೆದು, ಮೈಮೇಲಿನ ಬಿಳಿ ಬಟ್ಟೆ ಸರಿಸಿದಳು.

ಎಡತೋಳು ಮೊಣಕೈವರೆಗೆ ಮಾತ್ರ ಇತ್ತು.

ಪ್ರಾಣೇಶ ಗೋಡೆಯ ಕಡೆ ಮುಖ ತಿರುಗಿಸಿದ.

"ಇತ್ತ ತಿರುಗ್ರಿ ಅಣ್ಣಾ. ವಿಭೂತಿ ಹಚ್ಚಾಕ ನನ್ನ ಕೈ ಖಾಲಿ ಇಲ್ಲ."

ತಲೆತಲಾಂತರದಿಂದ ಹಣೆಗೆ ಗೋಪೀಚಂದನವನ್ನಷ್ಟೇ ಹಚ್ಚಿದ ಮನೆತನದ ಪ್ರಾಣೇಶ, ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಗೆಳೆಯನ ಹಣೆಗೆ ಎಳೆದ. ಶಿವಲಿಂಗಮ್ಮ ಬಳೆ ಹಿಂದೆ ಸರಿಸಿ, ಗಂಡನ ಮೊಣಕೈ ಮುಗಿದಲ್ಲಿಗೆ ತನ್ನ ಎಡಗೈ ಸೇರಿಸಿ, ಅಂಗೈ ಮೇಲೆ ಮಾಡಿ, ಅದರಲ್ಲಿ ಲಿಂಗ ಇಟ್ಟಳು.