ಒಂದು ಸಲಕ್ಕೆ ಒಂದೇ ಕಾಯಿಲೆ

ನಮ್ಮ ಕ್ಲಿನಿಕ್ಕಿನಲ್ಲಿ ಒಂದು ನಿಯಮವಿತ್ತು: ಒಂದು ಸಲಕ್ಕೆ ಒಂದೇ ಕಾಯಿಲೆ. ಬಂದವರು ಮೊಣಕಾಲಿನಿಂದ ಶುರುಮಾಡಿ ಮಗಳ ಮೊಡವೆಯವರೆಗೆ ಪುರಾಣ ಬಿಚ್ಚುತ್ತಾರೆಂದು ಡಾಕ್ಟರು ಮಾಡಿದ್ದು. ಅದನ್ನು ಕಾಯುವ ಕೆಲಸ ನನ್ನದು. ಹದಿನೆಂಟು ವರ್ಷದಿಂದ ನಾನಿಲ್ಲಿ ನರ್ಸು, ನನ್ನ ನಾಲಿಗೆ ಎಂಥದೆಂದು ಬೀದಿಗೆಲ್ಲ ಗೊತ್ತು. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತು, ಪ್ರತಿಯೊಬ್ಬರ ಚೀಟಿಯಲ್ಲೂ ಒಂದೇ ತೊಂದರೆ ಉಳಿಸಿ, ಮಿಕ್ಕದ್ದಕ್ಕೆ ಇನ್ನೊಂದು ದಿನ ಬನ್ನಿ ಎನ್ನುತ್ತಿದ್ದೆ. ಯಾರಾದರೂ ಗೊಣಗಿದರೆ ತಲೆಯೆತ್ತಿ ಒಮ್ಮೆ ನೋಡುತ್ತಿದ್ದೆ, ಅಷ್ಟೇ ಸಾಕಾಗುತ್ತಿತ್ತು.

ಎದುರಿನ ಹೊಲಿಗೆ ಅಂಗಡಿಯ ಟೈಲರಮ್ಮ ಆ ವರ್ಷ ನಾಲ್ಕು ಸಲ ಬಂದಿದ್ದಳು. ಮೊದಲ ಸಲ ಸುಸ್ತು ಅಂದಳು, ಕಬ್ಬಿಣದ ಮಾತ್ರೆ ಸಿಕ್ಕಿತು. ಆಮೇಲೆ ಮಲಬದ್ಧತೆಗೆ ಒಂದು ಪುಡಿ. ಮನಸ್ಸಿಗೆ ಮಂಕು ಕವಿದಿದೆ ಎಂದು ಬಂದಾಗ ನಿದ್ದೆಗೊಂದು ಮಾತ್ರೆ. ನಾಲ್ಕನೇ ಸಲ ಬೆರಳೆಲ್ಲ ಜೋಮು ಹಿಡಿಯುತ್ತದೆ ಅಂದದ್ದಕ್ಕೆ ಸರ್ಜನ್ನರ ಬಳಿ ಕಳಿಸಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೊಯ್ದು ಬಿಡಿಸಬೇಕು ಎಂದು ಅವರು ಗುರುವಾರಕ್ಕೆ ಆಪರೇಷನ್ ಗೊತ್ತುಮಾಡಿದ್ದರು.

ಸೋಮವಾರ ಬೆಳಿಗ್ಗೆ ಅವಳು ಐದನೇ ಸಲ ಬಂದಳು. ಕೈಯಲ್ಲಿ ನನ್ನ ಬಿಳಿ ಕೋಟು. ಹತ್ತು ವರ್ಷದಿಂದ ನನ್ನ ಕೋಟುಗಳನ್ನು ಅವಳೇ ಹೊಲಿಯುತ್ತಿದ್ದಳು, ಒಂದು ದಿನವೂ ಒಂದು ಎಳೆ ಆಚೀಚೆ ಆದದ್ದಿಲ್ಲ. ಈ ಸಲ ಕಾಲರಿನ ಹೊಲಿಗೆ ಸೊಟ್ಟಂಪಟ್ಟ ಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು, ಎರಡು ಸಲ ಬಿಚ್ಚಿ ಹೊಲಿದರೂ ಇದಕ್ಕಿಂತ ನೆಟ್ಟಗೆ ಬರಲಿಲ್ಲವಂತೆ. ಅಂಗಡಿಯ ಯಜಮಾನರು ಅವಳನ್ನು ಮೈಗಳ್ಳಿ ಎಂದು ಬೈದು, ಬುಧವಾರದಿಂದ ಅವಳ ಮಿಷನ್ನಿಗೆ ಬೇರೆಯವಳನ್ನು ಕೂರಿಸುವುದಾಗಿ ಹೇಳಿದ್ದರು. ಮನೆಯಲ್ಲಿ ಗಂಡನದೂ ಅದೇ ರಾಗ.

ಇವತ್ತು ಯಾವುದು ಬರೆಯಲಿ ಎಂದು ಕೇಳಿದೆ. ಅಭ್ಯಾಸಬಲ, ಇನ್ನೇನು.

"ಎಲ್ಲಾ ಬರೀರಿ," ಅಂದಳು. ದನಿ ಗೊಗ್ಗರಾಗಿತ್ತು.

ಆಗುವುದಿಲ್ಲ, ನಿನಗೆ ಗೊತ್ತೇ ಇದೆಯಲ್ಲ ಅಂದೆ.

"ಸಿಸ್ಟರಕ್ಕಾ, ನಂಗಿರೋದು ಒಂದೇ ಮೈ. ಅದನ್ನ ತುಂಡು ಮಾಡಿ ದಿನಕ್ಕೊಂದು ತರಕ್ಕಾಗಲ್ಲ. ಎಲ್ಲಾ ಬರೀರಿ. ಬರೆಯೋವರೆಗೂ ನಾನು ಇಲ್ಲಿಂದ ಏಳಲ್ಲ."

ಹಿಂದೆ ಕೂತವರೆಲ್ಲ ಕಿವಿ ನಿಮಿರಿಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮೇಜಿನ ಮುಂದೆ ಹೀಗೆ ಮಾತಾಡಿದವರು ಯಾರೂ ಇರಲಿಲ್ಲ. ಅವಳದೇ ಹಳೆಯ ಚೀಟಿಗಳನ್ನು ತೋರಿಸಿ ಬಾಯಿ ಮುಚ್ಚಿಸೋಣ ಎಂದು ಫೈಲು ತೆಗೆದು ನಾಲ್ಕನ್ನೂ ಪಕ್ಕಪಕ್ಕ ಇಟ್ಟೆ. ಒಂದೊಂದರಲ್ಲೂ ಒಂದು ತೊಂದರೆ ಚೆನ್ನಾಗಿ ಕಾಣುತ್ತಿತ್ತು. ಅದರ ಕೆಳಗೆ, ಗೀಟು ಎಳೆದು ಹೊಡೆದುಹಾಕಿದ್ದರ ಒಳಗೆ, ಮಿಕ್ಕದ್ದೂ ಕಾಣುತ್ತಿತ್ತು: ಸದಾ ಚಳಿ, ಮುಟ್ಟಿನಲ್ಲಿ ಹೆಚ್ಚು ಸ್ರಾವ, ತೂಕ ಏರಿದೆ, ಕೂದಲು ಉದುರುತ್ತಿದೆ. ಅಕ್ಷರವೂ ನನ್ನದೇ, ಗೀಟೂ ನನ್ನದೇ.

ತಲೆಯೆತ್ತಿ ನೋಡಿದೆ. ಫ್ಯಾನಿನ ಕೆಳಗೂ ಜನ ಬೆವರು ಒರೆಸಿಕೊಳ್ಳುತ್ತಿದ್ದರು, ಇವಳು ಸ್ವೆಟರಿನ ಗುಂಡಿ ಕತ್ತಿನವರೆಗೂ ಹಾಕಿದ್ದಳು. ಮುಖ ಊದಿತ್ತು. ಎಷ್ಟೋ ದಿನದಿಂದ ಊದಿಯೇ ಇದ್ದಿರಬೇಕು, ನಾನು ನೋಡಿದ್ದು ಅವತ್ತು. ಅವಳ ಮೇಲಿದ್ದ ಸಿಟ್ಟು ಮೊದಲು ಡಾಕ್ಟರ ಮೇಲೆ ತಿರುಗಿತು, ಆಮೇಲೆ ನನ್ನ ಮೇಲೆ. ನಾಚಿಕೆಯಾಯಿತು.

ಹೊಸ ಚೀಟಿಯಲ್ಲಿ ಎಲ್ಲವನ್ನೂ ಬರೆದೆ. ನಾಡಿ ಹಿಡಿದೆ, ನಿಮಿಷಕ್ಕೆ ಐವತ್ನಾಲ್ಕು, ತೀರಾ ನಿಧಾನ. ಸರದಿಯನ್ನೂ ನೋಡದೆ ಅವಳನ್ನು ಒಳಗೆ ಕರೆದುಕೊಂಡು ಹೋದೆ.

ಡಾಕ್ಟರು ಚೀಟಿ ನೋಡಿ ಹುಬ್ಬು ಗಂಟಿಕ್ಕಿ, ಇದೇನು ಸಿಸ್ಟರ್, ನೀವೇ ಹೀಗೆ ಮಾಡಿದರೆ ಹೇಗೆ ಎಂದರು. ಕೆಲಸ ಬಿಡಿಸುವುದಿದ್ದರೆ ಸಂಜೆ ಬಿಡಿಸಿ, ಈಗ ಇದನ್ನು ಒಟ್ಟಿಗೆ ಓದಿ ಎಂದೆ. ಓದಿದರು. ಇನ್ನೊಂದು ಸಲ ಓದಿದರು. ಅವಳನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಪುಟ್ಟ ಸುತ್ತಿಗೆಯಿಂದ ಹಿಮ್ಮಡಿಯ ಮೇಲ್ಭಾಗಕ್ಕೆ ತಟ್ಟಿದರು. ಪಾದ ತಟ್ಟನೆ ಎಗರಿತು. ಮತ್ತೆ ತನ್ನ ಜಾಗಕ್ಕೆ ಬರುವಾಗ ಮಾತ್ರ, ಬರಲೋ ಬೇಡವೋ ಎಂಬಂತೆ ನಿಧಾನವಾಗಿ ಬಂತು. ಥೈರಾಯ್ಡ್ ಇರಬೇಕು ಎಂದರು. ರಕ್ತ ನಾನೇ ತೆಗೆದೆ.

ಮಂಗಳವಾರ ಬೆಳಿಗ್ಗೆ ರಿಪೋರ್ಟು ಬಂತು. ಥೈರಾಯ್ಡ್ ಗ್ರಂಥಿ ಬಹುತೇಕ ಕೆಲಸ ನಿಲ್ಲಿಸಿತ್ತು. ಡಾಕ್ಟರು ಅವಳಿಗೆ ಬಿಡಿಸಿ ಹೇಳಿದರು: ಸುಸ್ತು, ಮಂಕು, ಜೋಮು ಎಲ್ಲದರ ಬೇರು ಇದೊಂದೇ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಆರು ವಾರದ ಮೇಲೆ ಮತ್ತೆ ರಕ್ತ ನೋಡೋಣ. ನಿದ್ದೆ ಮಾತ್ರೆ ಬೇಡ. ಕೈ ತಾನಾಗಿಯೇ ಸರಿಹೋಗುವ ಸಂಭವ ಹೆಚ್ಚು, ಸರ್ಜನ್ನರ ಹತ್ತಿರ ಮಾತಾಡಿ ಗುರುವಾರದ ಆಪರೇಷನ್ ಮುಂದೂಡಿದ್ದೇನೆ.

ಅವಳ ಬಾಯಿಂದ ಥ್ಯಾಂಕ್ಸ್ ಬರಲಿಲ್ಲ. ಯಾಕೆ ಬರಬೇಕು? ಮೊಬೈಲು ತೆಗೆದು ಅಂಗಡಿಯ ಯಜಮಾನರ ನಂಬರು ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಳು. ಡಾಕ್ಟರು ಗಾಬರಿಯಾಗಿ, ಬೇಕಾದರೆ ಒಂದು ಪತ್ರ ಬರೆದುಕೊಡುತ್ತೇನೆ ಎಂದರು.

"ಪತ್ರ ಬೇಡ," ಅಂದಳು. "ವರ್ಷವಿಡೀ ಎಲ್ಲರೂ ಮೈಗಳ್ಳಿ ಅಂದ್ರು. ಕೊನೆಗೆ ನಾನೂ ನಂಬಿಬಿಟ್ಟಿದ್ದೆ. ನೀವೇ ಬಾಯಿಬಿಟ್ಟು ಹೇಳಿ. ನನ್ನೆದುರಿಗೇ."

ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಡಾಕ್ಟರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನಾನು ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಆ ಕಡೆಯಿಂದ ಯಾರು ಎಂಬ ಗಡಸು ದನಿ ಬಂತು. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ನಾನು ಡಾಕ್ಟರು ಮಾತಾಡ್ತಿರೋದು. ನಿಮ್ಮ ಟೈಲರು ಮೈಗಳ್ಳಿ ಅಲ್ಲ. ಅವರಿಗೆ ಕಾಯಿಲೆ ಇತ್ತು, ವಾಸಿಯಾಗುತ್ತೆ. ಅವರು ವರ್ಷದಿಂದ ಹೇಳ್ತಾನೇ ಇದ್ರು. ನಾವು ಕೇಳಿಸ್ಕೊಳ್ಳಲಿಲ್ಲ."

ಎಷ್ಟು ದಿನ ಬೇಕಾಗುತ್ತದೆ ಎಂದು ಕೇಳಿತು ದನಿ. ಡಾಕ್ಟರು ಉತ್ತರಿಸುವ ಮೊದಲೇ ಅವಳು ಫೋನಿನ ಕಡೆ ಬಾಗಿದಳು.

"ಆರು ವಾರ. ಅಲ್ಲೀವರೆಗೂ ನನ್ನ ಮಿಷನ್ ಯಾರೂ ಮುಟ್ಟಬಾರದು."

ಆಯ್ತಮ್ಮ ಎಂದು ಆ ಕಡೆಯವರು ಗೊಣಗಿ ಫೋನು ಇಟ್ಟುಬಿಟ್ಟರು. ಡಾಕ್ಟರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು.

"ಒರಗಬೇಡಿ ಡಾಕ್ಟ್ರೇ," ಎಂದಳು ಅವಳು, ಜೋಮು ಹಿಡಿದ ಬೆರಳಿನಿಂದ ಇನ್ನೊಂದು ನಂಬರು ಒತ್ತುತ್ತಾ. "ಈಗ ನಮ್ಮನೆಯವರಿಗೆ ಹೇಳಿ."