ಅಮ್ಮನವರ ತರ್ಜುಮೆ

ಚರ್ಚಿನಲ್ಲಿ ಮೊದಲನೇ ಹಾಡಿನ ಕೊನೆಯ ಚರಣ ನಡೆಯುತ್ತಿದ್ದಾಗ ಮಿಷನ್ನಿನ ಮೇಲ್ವಿಚಾರಕರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಫೋನಿನಲ್ಲಿ ಬುಧವಾರ ಬರುತ್ತೇನೆ ಅಂದಿದ್ದ ಪುಣ್ಯಾತ್ಮರು ಭಾನುವಾರವೇ ವಕ್ಕರಿಸಿದ್ದರು. ಬಂದವರು ಹಿಂದೆಲ್ಲಾದರೂ ಕೂತರೇ? ಇಲ್ಲ. ಕೈಚೀಲ ಹಿಡಿದುಕೊಂಡು ನೇರವಾಗಿ ಮುಂದಿನ ಸಾಲಿಗೇ ಬಂದು, ವೇದಿಕೆಯ ಮೇಲಿದ್ದ ಅಮ್ಮನವರಿಗೆ ಕಣ್ಣಲ್ಲೇ ನಮಸ್ಕಾರ ಹೇಳಿ ಕೂತರು. ಹಾಡುತ್ತಿದ್ದ ಅಮ್ಮನವರ ಬಾಯಿ ಆಡುತ್ತಲೇ ಇತ್ತು, ಸ್ವರ ಮಾತ್ರ ನಿಂತುಹೋಯಿತು.

ಆ ಸಭೆಯಲ್ಲಿ ಅಲ್ಲಿಯವರೆಗೆ ಕನ್ನಡ ಬಲ್ಲವರು ಇಬ್ಬರೇ ಇದ್ದರು. ವೇದಿಕೆಯ ಕುರ್ಚಿಯಲ್ಲಿ ಕೂತಿದ್ದ ಪಾದ್ರಿ ಅಯ್ಯನವರು ಮತ್ತು ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಅಮ್ಮನವರು. ಈಗ ಮೂವರಾದರು.

ಗಂಡಹೆಂಡತಿ ಸೇವೆಗೆಂದು ಊರು ಬಿಟ್ಟಾಗ ಇಬ್ಬರಿಗೂ ತಲೆ ತುಂಬ ಕಪ್ಪು ಕೂದಲು. ಆಮೇಲೆ ಏಷ್ಯಾದ ನಾಲ್ಕು ದೇಶ ಸುತ್ತಿದ್ದಾಯಿತು. ಹಡಗು, ರೈಲು, ಲಾರಿಯ ಹಿಂಭಾಗ, ಒಂದು ಮನೆಯ ಸುಣ್ಣದ ವಾಸನೆ ಹೋಗುವಷ್ಟರಲ್ಲಿ ಇನ್ನೊಂದು ಮನೆ. ಹೋದಲ್ಲೆಲ್ಲ ಅಯ್ಯನವರು ವರ್ಷ ತುಂಬುವುದರೊಳಗೆ ಅಲ್ಲಿನ ಭಾಷೆ ಕಲಿತು, ಮೀನಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಪಳಗಿಬಿಡುತ್ತಿದ್ದರು. ಹೋದ ವರ್ಷ ಆ ಭಾಷೆಗಳು ಒಂದೊಂದಾಗಿ ಜಾರತೊಡಗಿದವು. ಕೊನೆಗೆ ಕಲಿತದ್ದು ಮೊದಲು ಹೋಯಿತು. ಒಂದು ಭಾನುವಾರ ಸಭೆಗೆ ಉಪದೇಶ ಹೇಳುವ ಪ್ರಸಂಗದ ನಡುವೆ ಸುಮ್ಮನೆ ನಿಂತುಬಿಟ್ಟು, ಹೆಂಡತಿಯ ಕಡೆ ತಿರುಗಿ, "ಏನೇ, ನೀರಿಗೆ ಇವರು ಏನಂತಾರೆ?" ಎಂದರು. ಮುಂದಿನ ವಾರದಿಂದ ಅಮ್ಮನವರು ಪಕ್ಕದಲ್ಲಿ ನಿಂತರು. ಅಯ್ಯನವರಿಗೆ ವಯಸ್ಸಾಯಿತು, ತಾಯಿಭಾಷೆಯಲ್ಲಾದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ, ನಾನು ತರ್ಜುಮೆ ಮಾಡುತ್ತೇನೆ ಎಂದು ಸಭೆಗೆ ತಿಳಿಸಿದರು.

ಮೊದಮೊದಲು ಅದು ತರ್ಜುಮೆಯೇ ಆಗಿತ್ತು. ಆಮೇಲಾಮೇಲೆ ಅಯ್ಯನವರ ಪ್ರಸಂಗ ಹಳಿ ತಪ್ಪಿತು. ಹೋದ ತಿಂಗಳು ಬೈಬಲ್ಲಿನ ಕಳೆದುಹೋದ ಕುರಿಯಿಂದ ಶುರುವಾದದ್ದು ಹಲ್ಲುನೋವಿಗೆ ಬಂದು, ಯಾವನೋ ಟಿಕೆಟ್ ಕಲೆಕ್ಟರನ ಜೊತೆ ಜಗಳವಾಡಿ ಮುಗಿದಿತ್ತು. ಸಭೆಗೆ ತಲುಪಿದ್ದು ಕುರಿಯೊಂದೇ. ಉಳಿದದ್ದನ್ನು ಅಮ್ಮನವರು ಪಕ್ಕಕ್ಕೆ ಸರಿಸಿ ತಮ್ಮದೇ ಪ್ರಸಂಗ ಹೇಳುತ್ತಿದ್ದರು. ಹೆಂಗಸರು ಪ್ರಸಂಗ ಮಾಡುವ ಪದ್ಧತಿ ಅವರ ಮಿಷನ್ನಿನಲ್ಲಿ ಇರಲಿಲ್ಲ. ಹಾಡು ಎತ್ತಿಕೊಡುವ ದರ್ಜಿ ಒಮ್ಮೆ ಮನೆಗೇ ಬಂದು, "ಈಚೆಗೆ ಅಯ್ಯನವರ ಪ್ರಸಂಗ ಎಷ್ಟು ಚೆನ್ನಾಗಿರುತ್ತೆ ಅಮ್ಮಾ! ಮೊದಲಿನ ಹಾಗೆ ಉದ್ದಾನೂ ಇಲ್ಲ" ಎಂದು ಹೊಗಳಿ ಹೋದ. ಅಮ್ಮನವರಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾಯಿತಲ್ಲಾ ಎಂದು ನಾಚಿಕೆಯೂ ಆಯಿತು.

ಹೆದರಿಕೆ ಇದ್ದದ್ದು ಬೇರೆಯದಕ್ಕೆ. ಗುಟ್ಟು ರಟ್ಟಾದರೆ ಮಿಷನ್ನಿನವರು ನಿವೃತ್ತಿ ಕೊಟ್ಟು ವಾಪಸು ಕಳಿಸುತ್ತಾರೆ. ಊರಲ್ಲಿ ಮನೆಯಿಲ್ಲ. ಮಕ್ಕಳಾಗಲಿಲ್ಲ. ಇರುವುದು ಮಿಷನ್ನಿನ ವೃದ್ಧರ ನಿವಾಸ ಒಂದೇ. ಅಲ್ಲಿ ಗಂಡಸರಿಗೆ ಒಂದು ಕಟ್ಟಡ, ಹೆಂಗಸರಿಗೆ ಇನ್ನೊಂದು, ಮಧ್ಯೆ ಗೇಟು. ರಜೆಯಲ್ಲಿ ಊರಿಗೆ ಹೋದಾಗ ಅಮ್ಮನವರು ಅದನ್ನು ಕಣ್ಣಾರೆ ಕಂಡಿದ್ದರು. ಸಂಜೆ ಆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕಂಬಿಗಳ ನಡುವಿನಿಂದ ಗಂಡಂದಿರ ಜೊತೆ ಮಾತಾಡುವ ಮುದುಕಿಯರನ್ನೂ ಕಂಡಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಮರೆಯುವ ಈ ಮನುಷ್ಯ ಗೇಟಿನ ಆಚೆ ಹೇಗೆ ಬದುಕಬೇಕು? ಇವರಿಲ್ಲದೆ ತಾನಾದರೂ ಹೇಗೆ ಬದುಕಬೇಕು? ಯಾರಿಗೂ ಗೊತ್ತಾಗದ ಹಾಗೆ ನೋಡಿಕೋ ದೇವರೇ ಎಂದು, ಜೀವಮಾನವೆಲ್ಲ ದೇವರ ಸೇವೆ ಮಾಡಿದ ಹೆಂಗಸು ಸುಳ್ಳಿಗೆ ದೇವರನ್ನೇ ಜೊತೆ ಕರೆಯುತ್ತಿದ್ದರು.

ಬುಧವಾರಕ್ಕೆ ಅವರೊಂದು ಉಪಾಯ ಹೂಡಿದ್ದರು. ಅಯ್ಯನವರಿಗೆ ಜ್ವರ, ಮಲಗಿದ್ದಾರೆ, ಎಬ್ಬಿಸುವುದು ಬೇಡ. ಅಷ್ಟೇ. ಮೇಲ್ವಿಚಾರಕರು ಹೊರಗಿನವರೇನಲ್ಲ. ಎರಡನೇ ದೇಶದಲ್ಲಿದ್ದಾಗ ತರಬೇತಿಗೆ ಬಂದು ಇವರ ಮನೆಯಲ್ಲೇ ಉಂಡು ಬೆಳೆದ ಹುಡುಗ. ಈಗ ಇಡೀ ಪ್ರಾಂತ್ಯ ಅವರ ಕೈಯಲ್ಲಿದೆ. ಕನ್ನಡವೂ ಬರುತ್ತದೆ, ಇಲ್ಲಿನ ಭಾಷೆಯೂ ಬರುತ್ತದೆ. ಯಾರ ದಾಕ್ಷಿಣ್ಯಕ್ಕೂ ಬಗ್ಗುವವರಲ್ಲ, ತಪ್ಪು ಕಂಡರೆ ಬಿಡುವವರಲ್ಲ ಎಂದು ಹೆಸರು ಬೇರೆ.

ಹಾಡು ಮುಗಿಯಿತು. ಅಮ್ಮನವರು ಬಗ್ಗಿ ಅಯ್ಯನವರ ಕಿವಿಯಲ್ಲಿ ಪಿಸುಗುಟ್ಟಿದರು.

"ರೀ, ಇವತ್ತು ಪ್ರಸಂಗ ಬೇಡ. ಗಂಟಲು ಸರಿಯಿಲ್ಲ ಅಂತ ಹೇಳಿಬಿಡ್ತೀನಿ."

"ಯಾರಿಗೆ? ನಿಂಗಾ?"

"ನಿಮಗೇರೀ."

"ನನ್ನ ಗಂಟಲಿಗೇನು ಧಾಡಿ?" ಎಂದ ಅಯ್ಯನವರು, ಗಂಟಲು ಗಟ್ಟಿಯಾಗಿದೆ ಎಂದು ತೋರಿಸಲು ಸಭೆಗೆಲ್ಲ ಕೇಳುವ ಹಾಗೆ ಖಣಖಣ ಕೆಮ್ಮಿ ಎದ್ದೇಬಿಟ್ಟರು.

ಪೀಠದ ಎರಡೂ ಬದಿ ಹಿಡಿದು ನಿಂತ ಠೀವಿಯಲ್ಲಿ ಏನೂ ಕೊರತೆಯಿರಲಿಲ್ಲ. ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ಪ್ರೀತಿಯಿಂದ ನೋಡಿದರು.

"ಪ್ರಿಯರೇ, ನಮ್ಮ ಟ್ರಂಕು ಬರಲೇ ಇಲ್ಲ" ಎಂದರು.

ಅಮ್ಮನವರು ಮುಂದಿನ ಸಾಲಿನ ಕಡೆ ನೋಡಬಾರದು ಎಂದುಕೊಂಡೇ ನೋಡಿದರು. ಆಮೇಲೆ ಅಲ್ಲಿನ ಭಾಷೆಯಲ್ಲಿ, "ಪ್ರಿಯರೇ, ದೇವರ ದಾರಿಯಲ್ಲಿ ನಡೆಯುವವರ ತಲೆಯ ಮೇಲೆ ಹೊರೆ ಇರಬಾರದು" ಎಂದರು.

"ಹಡಗಿನವನನ್ನ ಕೇಳಿದ್ರೆ ಮುಂದಿನ ಹಡಗಲ್ಲಿ ಬರುತ್ತೆ ಅಂದ. ಅವನ ಮಾತು ಕಟ್ಕೊಂಡು ನಾನು ತಿಂಗಳುಗಟ್ಟಲೆ ಒಂದೇ ಅಂಗಿ ಹಾಕ್ಕೊಂಡೆ!"

"ಮನುಷ್ಯ ಕೊಟ್ಟ ಮಾತು ಮರೆಯಬಹುದು, ದೇವರು ಮರೆಯುವುದಿಲ್ಲ."

"ಮೇಲಿಂದ ಆ ಸೊಳ್ಳೆ. ಅಬ್ಬಬ್ಬಾ, ಏನು ಸೊಳ್ಳೆ ಅವು!"

"ಚಿಕ್ಕ ಚಿಕ್ಕ ಪಾಪಗಳ ಬಗ್ಗೆ ಎಚ್ಚರವಾಗಿರಬೇಕು."

ದರ್ಜಿ ಭಕ್ತಿಯಿಂದ ತಲೆದೂಗಿದ. ಮೇಲ್ವಿಚಾರಕರ ಮೀಸೆಯಡಿ ನಗು ಬಂದೇಬಿಟ್ಟಿತ್ತು, ಆದರೆ ಹೊರಗೆ ಬರಲಿಲ್ಲ. ಅವರು ಅಯ್ಯನವರನ್ನು ನೋಡಿದರು, ಅಮ್ಮನವರನ್ನು ನೋಡಿದರು, ಮತ್ತೆ ಅಯ್ಯನವರನ್ನು ನೋಡಿದರು. ನಗು ಹೋಯಿತು. ತಲೆ ತಗ್ಗಿಸಿಕೊಂಡು ಕೂತರು. ಗೊತ್ತಾಗಿಹೋಯಿತು, ಎಲ್ಲ ಮುಗಿಯಿತು ಎಂದುಕೊಂಡರು ಅಮ್ಮನವರು. ಈಗ ನಿಲ್ಲಿಸುವ ಹಾಗೂ ಇಲ್ಲ, ಮುಂದುವರಿಸುವ ಹಾಗೂ ಇಲ್ಲ. ಬೇಗ ಆಮೆನ್ ಅನ್ನಿ, ದಮ್ಮಯ್ಯ, ಬೇಗ ಆಮೆನ್ ಅನ್ನಿ ಎಂದು ಗಂಡನ ಬೆನ್ನನ್ನೇ ನೋಡುತ್ತ ನಿಂತರು.

"ನನ್ನ ಹೆಂಡತಿ ಬಂದರಿನಲ್ಲಿ ಅತ್ತುಬಿಟ್ಟಳು" ಎಂದರು ಅಯ್ಯನವರು. ದನಿ ಇಳಿದಿತ್ತು. "ಅವಳ ಅಮ್ಮ ಹೊಲಿದು ಕೊಟ್ಟ ಬಟ್ಟೆಯೆಲ್ಲ ಆ ಟ್ರಂಕಲ್ಲಿತ್ತು. ಅದಕ್ಕೆ ಅತ್ತಳು, ಪಾಪ. ನಾನು ಎಲ್ಲರೆದುರಿಗೆ ಬೈದೆ. ಸೇವೆಗೆ ಅಂತ ಬಂದವಳು ಬಟ್ಟೆಗೆ ಅಳ್ತೀಯಾ, ನಾಚ್ಕೆ ಆಗಲ್ವಾ ಅಂದೆ. ಹಾಗನ್ನಬಾರದಿತ್ತು."

ಆ ಬಂದರು, ಆ ಬಿಸಿಲು, ಆ ಬೈಗುಳ ಯಾವುದನ್ನೂ ಅಮ್ಮನವರು ಮರೆತಿರಲಿಲ್ಲ. ಆದರೆ ಹಾಗನ್ನಬಾರದಿತ್ತು ಎಂಬ ಮಾತು ಇಷ್ಟು ವರ್ಷದಲ್ಲಿ ಒಂದು ಸಲವೂ ಈ ಬಾಯಿಂದ ಬಂದಿರಲಿಲ್ಲ. ಅದಕ್ಕೆ ಯಾವ ಪ್ರಸಂಗ ಕಟ್ಟಬೇಕೆಂದು ತೋಚಲಿಲ್ಲ.

"ಗಂಡಂದಿರು ಹೆಂಡತಿಯರನ್ನು ನೋಯಿಸಬಾರದು" ಎಂದರು.

"ಒಳ್ಳೆ ಹುಡುಗಿ. ಎಲ್ಲಿಗೆ ಹೋದಳೋ ಏನೋ, ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀನಿ." ಅಯ್ಯನವರು ಪಕ್ಕಕ್ಕೆ ತಿರುಗಿ, ಪರವೂರಿನಲ್ಲಿ ಯಾರನ್ನೋ ದಾರಿ ಕೇಳುವವರ ಹಾಗೆ ಸಂಕೋಚದಿಂದ ಅಮ್ಮನವರ ಮುಖ ನೋಡಿದರು. "ಅಮ್ಮಾ, ನೀವೇನಾದರೂ ನೋಡಿದ್ರಾ ಅವಳನ್ನ?"

ನೀವು. ಕೋಪದಲ್ಲಾಗಲಿ ತಮಾಷೆಗಾಗಲಿ ಹೆಂಡತಿಗೆ ಎಂದೂ ಬಹುವಚನ ಹಾಕಿದ ಮನುಷ್ಯನಲ್ಲ. ಅಮ್ಮನವರಿಗೆ ಅಲ್ಲೇ ಕೂತು ಗೊಳೋ ಎಂದು ಅಳಬೇಕೆನಿಸಿತು. ಸಭೆ ತರ್ಜುಮೆಗೆ ಕಾಯುತ್ತಿತ್ತು.

ಮೇಲ್ವಿಚಾರಕರು ಅರ್ಧ ಎದ್ದು, ಮೆಲ್ಲಗೆ ಕನ್ನಡದಲ್ಲಿ, "ಅಮ್ಮಾ, ನೀವು ಬಿಡಿ. ನಾನು ಏನಾದರೂ ಹೇಳಿ ಮುಗಿಸ್ತೀನಿ" ಎಂದರು.

"ಬೇಡಪ್ಪಾ. ನಾನೇ ಹೇಳ್ತೀನಿ."

ಅಮ್ಮನವರು ಸಭೆಯ ಕಡೆ ತಿರುಗಿದರು. "ಅಯ್ಯನವರ ಹೆಂಡತಿ ಎಲ್ಲಿಗೆ ಹೋದಳೋ ಗೊತ್ತಿಲ್ಲವಂತೆ. ಬೆಳಿಗ್ಗೆಯಿಂದ ಹುಡುಕುತ್ತಿದ್ದಾರಂತೆ. ನಾನೇನಾದರೂ ನೋಡಿದೆನಾ ಎಂದು ಕೇಳುತ್ತಿದ್ದಾರೆ" ಎಂದರು. ಒಂದಕ್ಷರ ಹೆಚ್ಚಿರಲಿಲ್ಲ, ಒಂದಕ್ಷರ ಕಮ್ಮಿಯಿರಲಿಲ್ಲ.

ತಲೆದೂಗಲು ಹೊರಟಿದ್ದ ದರ್ಜಿಯ ತಲೆ ಅರ್ಧಕ್ಕೇ ನಿಂತಿತು. ಮೇಲ್ವಿಚಾರಕರು ಕೂತು ಕನ್ನಡಕ ತೆಗೆದರು. ಮತ್ತೆ ಹಾಕಿಕೊಳ್ಳಲಿಲ್ಲ.

ಅಯ್ಯನವರಿಗೆ ಮಾತ್ರ ಪಕ್ಕದಲ್ಲಿದ್ದ ಹೆಂಗಸಿನ ಕಣ್ಣು ತುಂಬಿರುವುದು ಕಂಡಿತು. ತಮ್ಮ ಕುರ್ಚಿಯನ್ನು ಕರಕರ ಎಳೆದು ತಂದು ಅವರ ಹಿಂದೆ ಇಟ್ಟರು.

"ಕೂತ್ಕೊಳ್ಳಿಮ್ಮಾ. ಆಗಿನಿಂದ ನಿಂತೇ ಇದ್ದೀರಿ, ಕಾಲು ನೋಯಲ್ವಾ? ಅಳಬೇಡಿ. ಬಂದ್ಬಿಡ್ತಾಳೆ. ನನ್ನ ಬಿಟ್ಟು ಹೋಗೋಳಲ್ಲ ಅವಳು."

ಅಮ್ಮನವರು ಕೂತರು. ಅಯ್ಯನವರು ಕುರ್ಚಿಯ ಬೆನ್ನಿನ ಮೇಲೆ ಕೈಯೂರಿ, ಬಾಗಿಲ ಕಡೆ ನೋಡುತ್ತ ನಿಂತರು.