ತಿದ್ದಮ್ಮ ತಿದ್ದದ ದಿನ

ಐದನೇ ತರಗತಿಯ ಮಕ್ಕಳು ತಮ್ಮ ಭಾಷಾ ಟೀಚರಿಗೆ ತಿದ್ದಮ್ಮ ಎಂದು ಹೆಸರಿಟ್ಟಿದ್ದರು. ಯಾರಾದರೂ ಎದ್ದು ಓದತೊಡಗಿದರೆ ಮೂರನೇ ಪದಕ್ಕೇ ಅವರ ಬೆರಳು ಮೇಜಿನ ಮೇಲೆ ಟಕ್ ಎನ್ನುತ್ತಿತ್ತು. ‘ಸಂಕೆ ಅಲ್ಲ, ಸಂಖ್ಯೆ. ಹೊಟ್ಟೆಯಿಂದ ಹೇಳು.’ ಓದುವ ಪಿರಿಯಡ್ ಬಂತೆಂದರೆ ಅರ್ಧ ತರಗತಿಗೆ ತಲೆನೋವು.

ಅಕ್ಕ ತೀರಿಕೊಂಡಾಗ ಟೀಚರು ಹದಿನೇಳು ದಿನ ರಜೆ ಹಾಕಿದರು. ತಾಯಿಯಿಲ್ಲದ ಅವರನ್ನು ಸಾಕಿ ಬೆಳೆಸಿದವಳು ಆ ಅಕ್ಕನೇ. ಆದರೂ ಒಂದು ಹನಿ ಕಣ್ಣೀರು ಬರಲಿಲ್ಲ. ‘ಅತ್ತುಬಿಡಮ್ಮ, ಹಗುರಾಗುತ್ತೆ’ ಎಂದವರಿಗೆ ತಲೆಯಾಡಿಸಿ, ಅವರು ಕುಡಿದಿಟ್ಟ ಲೋಟ ತೊಳೆಯಲು ಒಳಗೆ ಹೋಗುತ್ತಿದ್ದರು. ಉಂಡರೆ ಉಂಡರು, ಇಲ್ಲದಿದ್ದರೆ ಇಲ್ಲ.

ಹದಿನೆಂಟನೇ ದಿನ ತರಗತಿಗೆ ಬಂದು ಹಾಜರಿ ಕರೆದರು. ಕಪಾಟಿನಲ್ಲಿ ಕೈಗೆ ಸಿಕ್ಕ, ರಟ್ಟು ಕಿತ್ತುಹೋದ ಕಥೆಪುಸ್ತಕವನ್ನು ಮೊದಲ ಬೆಂಚಿಗೆ ಕೊಟ್ಟು, ‘ಓದಿ’ ಎಂದು ಕುಳಿತರು.

ಕಾಡಿನ ಪ್ರಾಣಿಗಳಿಗೆ ಕ್ಷೌರದಂಗಡಿ ಇಟ್ಟ ಕರಡಿಯ ಕಥೆ ಅದು. ‘ಕರಡಿ ಕತ್ತೆ ಹಿಡಿಯಿತು’ ಎಂದು ಓದಿದಳು ಆ ಬೆಂಚಿನ ಹುಡುಗಿ. ಕತ್ತರಿ ಎನ್ನಬೇಕಿತ್ತು. ಎಲ್ಲರೂ ಟೀಚರ ಬೆರಳಿನ ಕಡೆ ನೋಡಿದರು. ಅವರು ಕಿಟಕಿಯ ಸರಳು ನೋಡುತ್ತಿದ್ದರು. ಮಕ್ಕಳ ದನಿ ಪಕ್ಕದ ಮನೆಯ ಮಾತಿನಂತೆ ಅವರ ಕಿವಿಗೆ ಬೀಳುತ್ತಿತ್ತು, ಅಷ್ಟೇ.

ತರಗತಿ ಗೊಳ್ಳೆಂದಿತು. ಹುಡುಗಿ ತಾನೂ ನಕ್ಕು ಮುಂದೆ ಓದಿದಳು.

‘ನಾನ್ ಓದ್ಲಾ?’ ಎಂದಳು, ಸಣ್ಣ ದನಿಗೆ ಪಿಟೀಲು ಎಂದು ಹೆಸರು ಬಿದ್ದಿದ್ದ ಇನ್ನೊಬ್ಬಳು. ಅವಳು ತಾನಾಗಿ ಕೈಯೆತ್ತಿದ್ದೇ ಮೊದಲು. ಕರಡಿಯ ಮಾತು ಬಂದಾಗ ಗಂಟಲೊಳಗೆ ಗುರ್ ಎಂದಳು. ಆಮೇಲೆ ತಡೆಯುವವರೇ ಇಲ್ಲ. ಯಾರೋ ಕುರ್ಚಿ ಎಳೆದರು, ಡಸ್ಟರು ಬಾಚಣಿಗೆಯಾಯಿತು.

‘ಸಿಂಹ ನಾನು!’

‘ನೀನಾಗ್ಲೇ ಮೊಲ ಆಗಿದ್ಯಲ್ಲೇ!’

ಗಲಾಟೆಗೆ ಓಡಿಬಂದ ಹೆಡ್‌ಮೇಡಂ ಬಾಗಿಲಲ್ಲೇ ನಿಂತರು. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ಓದುತ್ತಿದ್ದರು. ಬೆಲ್ ಆದ ಮೇಲೆ ಮೇಡಂ ಟೀಚರನ್ನು ಹಿಡಿದುಕೊಂಡರು. ‘ಏನ್ ಚಟುವಟಿಕೆ ಮಾಡ್ಸಿದ್ರಿ? ಪುಸ್ತಕಕ್ಕೆ ಮುಗಿಬಿದ್ದಿದ್ರಲ್ರೀ! ಶನಿವಾರ ಮಿಕ್ಕ ಟೀಚರ್‌ಗಳಿಗೂ ಹೇಳ್ಕೊಡಿ.’

‘ನಾನೇನೂ ಮಾಡ್ಲಿಲ್ಲ ಮೇಡಂ. ಸುಮ್ನೆ ಕೂತಿದ್ದೆ.’

‘ನೀವೊಬ್ರು! ಯಾವಾಗ್ಲೂ ಹೀಗೇ’ ಎಂದು ಮೇಡಂ ನಕ್ಕರು.

ಮರುದಿನ ಟೀಚರು ಬೇಕೆಂದೇ ಸುಮ್ಮನೆ ಕುಳಿತರು. ಎರಡು ಸಲ ಬೆರಳು ತಾನಾಗಿ ಎದ್ದಿತು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡರು.

ಶನಿವಾರ ಆರು ಜನ ಟೀಚರುಗಳು ಪೆನ್ನು ಹಿಡಿದು ಕಾದಿದ್ದರು.

‘ತಪ್ಪು ಓದಿದ್ರೆ ಓದ್ಲಿ. ಮಧ್ಯೆ ಬಾಯಿ ಹಾಕ್ಬೇಡಿ. ಕಥೆ ಮುಗಿದ್ಮೇಲೆ ತಿದ್ದಿದ್ರಾಯ್ತು.’

‘ಅಷ್ಟೇನಾ?’

‘ಅಷ್ಟೇ.’

ಸೋಮವಾರ, ಅರ್ಧ ಕೇಸರ ಕತ್ತರಿಸಿಕೊಂಡ ಸಿಂಹ ಕನ್ನಡಿಯತ್ತ ತಿರುಗುವ ಹೊತ್ತಿಗೇ ಮನೆಗೆ ಬಿಡುವ ಬೆಲ್ ಹೊಡೆಯಿತು.

‘ಇನ್ನೊಂದೇ ಪುಟ, ಟೀಚರ್!’

‘ನಾಳೆ. ನಡೀರಿ.’

ಮಕ್ಕಳು ಗೊಣಗುತ್ತ ಹೋದರು. ಪುಸ್ತಕವನ್ನು ಕಪಾಟಿಗೆ ಇಡಲು ಹೋದ ಟೀಚರು ಅಲ್ಲೇ ನಿಂತು ಆ ಪುಟ ಹುಡುಕಿದರು. ಸಿಂಹ ಕನ್ನಡಿ ನೋಡಿ ಮೂರ್ಛೆ ಹೋಯಿತು. ಅವರಿಗೆ ನಗು ಬರಲಿಲ್ಲ. ಮುಂದಿನ ಪುಟ ತಿರುಗಿಸಿ, ಮೊದಲ ಬೆಂಚಿನಲ್ಲಿ ಕುಳಿತರು. ಅವರು ದಿನವೂ ಮನೆಗೆ ಹೋಗುತ್ತಿದ್ದ ಬಸ್ಸು ಹೊರಟೇಹೋಯಿತು.